ನಾಲ್ಕು ದಿನದ ಮಾತ್ರೆ

ನಮ್ಮಪ್ಪ ಗಣಿತದ ಮೇಷ್ಟ್ರು. ಪರೀಕ್ಷಾ ಕೋಣೆಯಲ್ಲಿ ಅವರ ಕಣ್ಣಿಗೆ ಮಣ್ಣೆರಚಿ ಕಾಪಿ ಹೊಡೆದವರಿಲ್ಲ. ತೋಳಿನ ಮಡಿಕೆಯಲ್ಲಿಟ್ಟರೂ ಕಂಪಾಸು ಪೆಟ್ಟಿಗೆಯ ತಳದಲ್ಲಿಟ್ಟರೂ ಚೀಟಿ ಸಿಕ್ಕಿಬೀಳುತ್ತಿತ್ತು. ಅಂಥವರು ತಮ್ಮ ರಕ್ತಪರೀಕ್ಷೆಯಲ್ಲೇ ಮೋಸ ಮಾಡುತ್ತಿದ್ದರು ಎಂದು ಬರೆಯಲು ಮಗಳಾದ ನನಗೆ ನಾಚಿಕೆಯಾಗುತ್ತದೆ. ಅದನ್ನು ಕಂಡೂ ನಕ್ಕು ಸುಮ್ಮನಿದ್ದದ್ದಕ್ಕೆ ಇನ್ನೂ ಹೆಚ್ಚು ನಾಚಿಕೆ.

ಅಪ್ಪ ಅಮ್ಮ ಇಬ್ಬರಿಗೂ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಮೂರು ತಿಂಗಳಿಗೊಮ್ಮೆ ತಪಾಸಣೆ. ಅಪ್ಪ ಅದಕ್ಕೆ ತಯಾರಾಗುತ್ತಿದ್ದದ್ದು ಥೇಟ್ ದಡ್ಡ ಹುಡುಗರ ಹಾಗೆ, ಕೊನೆಯ ನಾಲ್ಕು ದಿನ. ಆಗ ಮಾತ್ರೆ ತಪ್ಪುತ್ತಿರಲಿಲ್ಲ, ಸಿಹಿ ಮುಟ್ಟುತ್ತಿರಲಿಲ್ಲ, ಬೆಳಿಗ್ಗೆ ಪಾರ್ಕು ಸುತ್ತಿದ್ದೇ ಸುತ್ತಿದ್ದು. ವರದಿ ಕೈಗೆ ಬಂದೊಡನೆ ಇಬ್ಬರೂ ಪಾಸು ಎಂದು ಮಾತ್ರೆ ಡಬ್ಬಿಯನ್ನು ಕಪಾಟಿನ ತುದಿಗೆ ಏರಿಸುತ್ತಿದ್ದರು. ದಿನಾ ನುಂಗಿದರೆ ಮೈ ಅದಕ್ಕೇ ಒಗ್ಗಿಹೋಗುತ್ತದೆ ಎಂಬುದು ಅವರ ಸ್ವಂತ ಸಿದ್ಧಾಂತ. ಅಮ್ಮನಿಗೂ ಅದನ್ನೇ ಕಲಿಸಿದರು. ಅವಳಿಗೆ ಮೇಷ್ಟ್ರು ಹೇಳಿದ್ದೇ ವೇದವಾಕ್ಯ.

ಒಂದು ದಿನ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೊರಟ ಅಮ್ಮ ಅರ್ಧ ಮೆಟ್ಟಿಲಲ್ಲೇ ಕುಸಿದು ಕೂತಳು. ಮೈಯೆಲ್ಲ ಬೆವರು, ಏದುಸಿರು. ಎದೆನೋವಿರಲಿಲ್ಲ. ಗ್ಯಾಸು ಎಂದರು ಅಪ್ಪ. ನಾನೂ ಹೂಂ ಅಂದೆ. ಮೂರನೆಯ ದಿನ ಮಲಗಿದರೂ ಉಸಿರು ಸಿಗದಾದಾಗ ಆಸ್ಪತ್ರೆಗೆ ಓಡಿದೆವು.

ಹೃದಯಾಘಾತವಾಗಿ ಎರಡು ದಿನವಾಗಿದೆ ಎಂದರು ಡಾಕ್ಟರು. ನೋವೇ ಇರಲಿಲ್ಲವಲ್ಲ ಎಂದು ಅಪ್ಪ ವಾದಕ್ಕಿಳಿದರು. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು: ಹೆಚ್ಚಾದ ಸಕ್ಕರೆ ರಕ್ತನಾಳದ ಒಳಮೈಯನ್ನು ಕೆಡಿಸುತ್ತದೆ, ಏರಿದ ಬಿ.ಪಿ. ಗಾಯದ ಮೇಲೆ ಬರೆ ಎಳೆಯುತ್ತದೆ, ಹೃದಯದ ನಾಳಗಳು ಬರಬರುತ್ತ ಕಟ್ಟಿಕೊಳ್ಳುತ್ತವೆ. ಸಕ್ಕರೆಯಿಂದ ನರಗಳೂ ಮಂಕಾಗಿ ಕೆಲವರಿಗೆ ನೋವೇ ತಿಳಿಯುವುದಿಲ್ಲ.

ಅಪ್ಪ ಹಳೆಯ ವರದಿಗಳ ಫೈಲು ಚಾಚಿದರು. ಡಾಕ್ಟರು ಅದನ್ನು ಪಕ್ಕಕ್ಕಿಟ್ಟು, ಇವು ಆಯಾ ದಿನದ ಸಕ್ಕರೆಯನ್ನಷ್ಟೇ ಹೇಳುತ್ತವೆ, ಈಗ ಮಾಡಿಸಿದ್ದು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ, ಅದರಲ್ಲಿ ಸಕ್ಕರೆ ತುಂಬಾ ಹೆಚ್ಚಿದೆ ಎಂದರು. ಸರಾಸರಿ ಎಂದರೇನೆಂದು ಗಣಿತದ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪನ ಮುಖ ಸಪ್ಪಗಾಯಿತು.

ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದಿರಾ ಎಂದು ಡಾಕ್ಟರು ಅಮ್ಮನನ್ನು ಕೇಳಿದರು.

"ಇಲ್ಲ ಡಾಕ್ಟ್ರೇ, ನಂಗೆ ಮರೆವು ಜಾಸ್ತಿ," ಎಂದಳು ಅಮ್ಮ.

ಊರಿನವರ ಫೋನು ನಂಬರೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದವಳು ಅವಳು. ನಾನು ತಲೆ ತಗ್ಗಿಸಿದೆ. ಅಪ್ಪ ಡಾಕ್ಟರತ್ತ ತಿರುಗಿದರು.

"ಅವಳು ಮರೀಲಿಲ್ಲ. ನಾನೇ ಬೇಡ ಅಂದಿದ್ದು."

ಡಾಕ್ಟರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೃದಯದ ಸತ್ತ ಸ್ನಾಯು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳೋಣ ಎಂದಷ್ಟೇ ಹೇಳಿ ಹೊರಟರು. ಅಪ್ಪ ನಿಂತಲ್ಲೇ ನಿಂತಿದ್ದರು. ಅಮ್ಮ ಕಷ್ಟಪಟ್ಟು ಕಾಲು ಸರಿಸಿ ಮಂಚದ ತುದಿಯಲ್ಲಿ ಜಾಗ ಮಾಡಿದಳು.

"ಎಷ್ಟೊತ್ತು ನಿಂತಿರ್ತೀರಿ, ಕೂತ್ಕೊಳ್ಳಿ. ನಿಮಗೂ ಬಿ.ಪಿ. ಇದೆ."

ಅಪ್ಪನಿಗೆ ಕೂರಲಾಗಲಿಲ್ಲ.