ಮೂಲಪತ್ರದ ಮಹಾಶಯ
ಹಳೇ ಮನೆ ಕೊಂಡು, ಸುಣ್ಣಬಣ್ಣ ಬಳಿದು, ಮೂರೇ ತಿಂಗಳಲ್ಲಿ ಇನ್ನೊಬ್ಬರ ತಲೆಗೆ ಕಟ್ಟುವುದು ಈ ಮಹಾಶಯನ ಕಸುಬು. ಬಾಯಿ ಬಿಟ್ಟರೆ "ಮೂಲಪತ್ರ ತೋರ್ಸಿ" ಎನ್ನುವುದರಿಂದ ಬೀದಿಯವರು ಅವನಿಗೆ ಮೂಲಪತ್ರ ಎಂದೇ ಹೆಸರಿಟ್ಟಿದ್ದಾರೆ. ಮನೆ ನೋಡಲು ಹೋದವನು ಗೋಡೆ ನೋಡುವುದಿಲ್ಲ, ಸೂರು ಸೋರುತ್ತದೆಯೇ ಎಂದು ಕೇಳುವುದೂ ಇಲ್ಲ. ಸೋರಿದರೆ ಅದು ಮುಂದೆ ಕೊಳ್ಳುವವನ ಹಣೆಬರಹ. ಪತ್ರವನ್ನು ಮಾತ್ರ ಬೆಳಕಿಗೆ ಹಿಡಿದು, ಮೂಸಿ, ಮುದ್ರೆಯನ್ನು ಉಗುರಿನಲ್ಲಿ ಕೆರೆದು, "ಅಕ್ಕತಂಗೀರು ಎಷ್ಟು ಜನ? ಎಲ್ಲರ ಸಹಿ ಆಗಿದೆಯಾ?" ಎನ್ನುತ್ತಾನೆ. "ತಂಗಿ ಒಬ್ಬಳಿದ್ದಾಳೆ ಸಾರ್, ಪಾಪದವಳು, ತಕರಾರು ಮಾಡಲ್ಲ" ಎಂದು ಮಾರುವವನು ಹಲ್ಲುಗಿಂಜಿದರೆ, "ಪಾಪದವರೇ ಕಣ್ರೀ ಕೊನೇಲಿ ಕೋರ್ಟಿಗೆ ಹೋಗೋದು" ಎಂದು ಚಪ್ಪಲಿ ಮೆಟ್ಟಿ ಹೊರಟೇ ಬಿಡುತ್ತಾನೆ. ಆಹಾ, ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಎಂಥ ಕಾಳಜಿ ಎಂದು ನೀವು ಕರಗಬೇಡಿ. ತನ್ನ ಅಪ್ಪನ ಮನೆಯನ್ನೂ ಮಾರಿಬಿಡಲು ಇವನು ಬರೆಸಿಟ್ಟ ಹಕ್ಕು ಬಿಡುಗಡೆ ಪತ್ರ ಹನ್ನೊಂದು ವರ್ಷದಿಂದ ಚೀಲದ ತಳದಲ್ಲಿ ಸವೆಯುತ್ತಿದೆ. ಅಕ್ಕನ ಸಹಿಯ ಜಾಗ ಖಾಲಿ. ಅಕ್ಕ ಹಟಮಾರಿಯೇನಲ್ಲ. "ಸಹಿ ಹಾಕ್ತೀನಿ ಕಣೋ, ಪಾಲು ಗೀಲು ನಂಗೆ ಬೇಡ. ಅಪ್ಪನ ಮನೇಲಿ ಒಂದು ಹೊತ್ತು ಊಟಕ್ಕೆ ಕರಿ, ಸಾಕು" ಎಂದಿದ್ದಾಳೆ. ಮೂಲಪತ್ರ ಇವತ್ತಿಗೂ ಕರೆದಿಲ್ಲ. ಅವಳು ಒಳಗೆ ಕೂತು ಉಂಡಳೆಂದರೆ, ಮನೆ ಅವಳ ಸ್ವಾಧೀನದಲ್ಲಿತ್ತು ಎನ್ನುವುದಕ್ಕೆ ನಾಳೆ ಆ ಎಂಜಲು ತಟ್ಟೆಯೇ ಸಾಕ್ಷಿಯಾದೀತಂತೆ!