ಅಂಟುರೋಗದವಳು

ಬಿಡದಿಯ ಸುತ್ತ ರಾಗಿ ಹೊಲಗಳಲ್ಲಿ ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲ. ಅಂಥದೊಂದು ಶೆಡ್ಡಿನಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ತೊಳೆಯುವುದು ನನ್ನ ಕೆಲಸ. ಸೀಮೆಎಣ್ಣೆಯಂತೆ ನಾರುವ ದ್ರವದ ತೊಟ್ಟಿ, ಅದರ ಸುತ್ತ ನಾವು ಹೆಂಗಸರು. ಗ್ಲೌಸು ಹರಿದರೆ ಬೇರೆ ಕೊಡುತ್ತಿರಲಿಲ್ಲ. ನನ್ನ ಪಕ್ಕ ನಿಲ್ಲುತ್ತಿದ್ದವಳು ಮಾಗಡಿ ಕಡೆಯವಳು. ಇಬ್ಬರದೂ ಒಂದೇ ಡಬ್ಬಿಯ ಊಟ.

ಆ ಬೇಸಿಗೆ ನನ್ನ ಬೆರಳ ಸಂದಿಗಳಲ್ಲಿ ಕೆಂಪು ಗುಳ್ಳೆ ಎದ್ದವು. ಕೆರೆದಷ್ಟೂ ತುರಿಕೆ. ಚರ್ಮ ಬಿರಿದು ನೀರು ಒಸರತೊಡಗಿತು. ಆಮೇಲೆ ಅವಳಿಗೂ ಬಂತು, ಎದುರಿಗೆ ನಿಲ್ಲುವವಳಿಗೂ ಬಂತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯಿತು.

"ನಿನ್ ಜತೆ ಉಂಡಿದ್ಕೇ ಕಣೇ ನಂಗೂ ಬಂದಿದ್ದು" ಎಂದಳು ಗೆಳತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

ರಾಮನಗರದ ಆಸ್ಪತ್ರೆಗೆ ಹೋದೆ. ವಯಸ್ಸಾದ ಡಾಕ್ಟರಮ್ಮ ಬರಿಗೈಯಲ್ಲೇ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಎಷ್ಟೋ ದಿನದಿಂದ ಯಾರೂ ಮುಟ್ಟಿರದ ಕೈ, ಅಳು ಬಂತು.

"ಕಜ್ಜಿಯಾದರೆ ಅಂಟುತ್ತೆ. ಇದು ಕಜ್ಜಿಯಲ್ಲಮ್ಮ, ಒಬ್ಬರಿಂದ ಒಬ್ಬರಿಗೆ ಹರಡಲ್ಲ. ನೀವೆಲ್ಲ ಕೈ ಅದ್ದೋದು ಒಂದೇ ತೊಟ್ಟಿಗೆ ತಾನೆ? ಆ ಎಣ್ಣೆ ಎಲ್ಲರ ಚರ್ಮಾನೂ ತಿಂತಾ ಇದೆ."

ಮರುದಿನ ಸೂಪರ್‌ವೈಸರಿಗೆ ಅದನ್ನೇ ಹೇಳಿದೆ.

"ನೀನೇನು ಡಾಕ್ಟ್ರಾ? ಎಲ್ಲಿಂದ್ಲೋ ತಂದು ಎಲ್ರಿಗೂ ಅಂಟಿಸ್ಬುಟ್ಟೆ. ನಾಳೆಯಿಂದ ಬರಬ್ಯಾಡ."

"ಒಸಿ ನಿಮ್ ಕೈ ತೋರ್ಸ್ರಮ್ಮ" ಎಂದು ಹೆಂಗಸರ ಕಡೆ ತಿರುಗಿದೆ. ಯಾರೂ ತೊಟ್ಟಿಯಿಂದ ಕೈ ಎತ್ತಲಿಲ್ಲ. ಗೆಳತಿಯೂ ಎತ್ತಲಿಲ್ಲ. ಕೆಲಸ ಹೋದರೆ ಅವಳ ಮನೆಯ ಒಲೆ ಹೊತ್ತುತ್ತಿರಲಿಲ್ಲ, ನನಗೆ ಗೊತ್ತಿತ್ತು.

ಚನ್ನಪಟ್ಟಣದ ಮನೆಯಲ್ಲಿ ಮುಲಾಮು ಹಚ್ಚಿಕೊಂಡು ಕೂತೆ. ಎಣ್ಣೆ ಮುಟ್ಟದ ಮೇಲೆ ಕೈ ಮೆಲ್ಲಗೆ ಒಣಗಿತು. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ತಂಗಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ ನನಗಿಂತ ಮೊದಲೇ ಸುದ್ದಿ ಹೋಗಿರುತ್ತಿತ್ತು.

ಮುಂದಿನ ವರ್ಷ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಗೆಳತಿ ಸಿಕ್ಕಳು. ಇನ್ನೂ ಅದೇ ಕೆಲಸ. ಗುಳ್ಳೆ ಕುತ್ತಿಗೆಯವರೆಗೂ ಏರಿತ್ತು. ಓಡಿಹೋಗಿ ಕೈ ಹಿಡಿಯಲು ಹೋದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದಳು.

"ಬ್ಯಾಡ ಕಣೇ, ದೂರ ನಿಂತ್ಕೋ. ನಿಂಗೀಗ ವಾಸಿಯಾಗೈತೆ. ಮತ್ತೆ ಅಂಟೀತು."

ಅಂಟೋದಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಮಾಗಡಿ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು.