ಕಾಲುಚೀಲ ಹಾಕಿಸಿಕೊಂಡ ಕಿವಿಗಳು

ಡಲ್ಸಿ ಟ್ರೆಂಬಾತ್ ವಿಕ್ಟೋರಿಯಾದ ದೊಡ್ಡಿಗಳಲ್ಲಿ ಮೂವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದವಳು. ಬೆನ್ನು ಮುಷ್ಕರ ಹೂಡಿದ ಮೇಲೆ ಮೆಲ್ಬರ್ನಿನ ಪ್ರಯೋಗಾಲಯವೊಂದರ ಕುರಿಗಳನ್ನು ನೋಡಿಕೊಳ್ಳಲು ಬಂದಳು. ಅಲ್ಲಿನವರು ತಲೆ ಓಡಿಸುತ್ತಿದ್ದರು, ಇವಳು ತಲೆ ಎಣಿಸುತ್ತಿದ್ದಳು.

ಆ ಬೆಳಿಗ್ಗೆ ದೊಡ್ಡಿಯಿಂದ ಓಡಿಯೇ ಬಂದಳು. "ಪ್ರೂ! ಏಳನೇ ಕುರಿ ಎದ್ದಿದೆ ಕಣೇ! ನಿಂತ್ಕೊಂಡು ಮೇಯ್ತಿದೆ!"

ಡಾಕ್ಟರ್ ಪ್ರೂಡೆನ್ಸ್ ಆಕಿನ್ ಚಹಾ ಚೆಲ್ಲಿಕೊಂಡಳು. ಹಿಂದಿನ ದಿನ ಏಳನೇ ಮತ್ತು ಎಂಟನೇ ಕುರಿಗಳ ರಕ್ತಕ್ಕೆ ಒಂದೇ ಅಳತೆಯ ರೋಗಾಣು ಬಿಟ್ಟಿದ್ದರು. ಸೋಂಕು ಏರಿದಾಗ ಮಿದುಳು ಹೊಟ್ಟೆಯ ನರಗಳ ಮೂಲಕ 'ಸಾಕು, ಕಾದಾಟ ತಗ್ಗಿಸಿ' ಎಂದು ಮೈಗೆ ಅಪ್ಪಣೆ ಕಳಿಸುತ್ತದೆ. ಏಳರ ಆ ನರಗಳನ್ನು ಮೊದಲೇ ಕತ್ತರಿಸಲಾಗಿತ್ತು. ಹೋಲಿಕೆಗೆಂದು ಎಂಟರ ಹೊಟ್ಟೆಯನ್ನೂ ತೆರೆದು, ನರ ಮುಟ್ಟದೆ ಹೊಲಿದಿದ್ದರು. ಅಪ್ಪಣೆ ತಲುಪದ ಏಳು ತನ್ನ ಉರಿಯಲ್ಲೇ ಬೇಯುತ್ತದೆ ಎಂದು ಪ್ರೂ ಎಣಿಸಿದ್ದಳು. ನೋಡಿದರೆ, ಕಾಯಿಲೆಯಾಗಿ ಮಲಗಿದ್ದು ಎಂಟು!

"ಕಿವಿಯ ನಂಬರು ಬಿಲ್ಲೆ ಅದಲುಬದಲಾಗಿದೆ," ಎಂದಳು ಪ್ರೂ. "ಮೊನ್ನೆ ತೊಳೆಯುವಾಗ ಕಳಚಿದ್ದನ್ನ ಮತ್ತೆ ಸಿಕ್ಕಿಸಿದ್ದು ನೀನೇ. ನರ ಕತ್ತರಿಸಿದವುಗಳ ನೆತ್ತಿಗೆ ಕೆಂಪು ಗುರುತೂ ಹಾಕು ಅಂದಿದ್ದೆ. ಎಲ್ಲಿ?"

ಹಾಕಿರಲಿಲ್ಲ. ಉಣ್ಣೆ ಕತ್ತರಿಸುವ ಕಡೆ ಮೇಸ್ತ್ರಿ ಕೆಂಪು ಸೀಮೆಸುಣ್ಣದಲ್ಲಿ ಗೀಟೆಳೆಯುವುದು ಕೆಟ್ಟದಾಗಿ ಕತ್ತರಿಸಿದ ಕುರಿಗೆ ಮಾತ್ರ. ಅದಕ್ಕೆ ಕೂಲಿಯಿಲ್ಲ, ನಗೆಪಾಟಲು ಮಾತ್ರ ಧಾರಾಳ. ತನ್ನ ಕುರಿಗಳಿಗೆ ಆ ಅವಮಾನ ಬಳಿಯಲು ಡಲ್ಸಿಗೆ ಕೈ ಬಂದಿರಲಿಲ್ಲ. "ಗುರುತು ಹಾಕಿಲ್ಲ. ಬಿಲ್ಲೆ ಮಾತ್ರ ಸರಿಯಾಗೇ ಸಿಕ್ಕಿಸಿದೀನಿ," ಎಂದಳು.

"ಹಾಗಾದ್ರೆ ಇಡೀ ಪ್ರಯೋಗ ಕಸದಬುಟ್ಟಿಗೆ. ನಿನ್ನ ಮಾತಿಗೇನು ಸಾಕ್ಷಿ?"

"ಅವುಗಳ ಮುಖ!"

"ಕುರಿಗಳೆಲ್ಲಾ ಒಂದೇ ಥರ ಇರ್ತವೆ, ಡಲ್ಸಿ."

"ನನಗೆ ಡಾಕ್ಟ್ರುಗಳೂ ಹಾಗೇ ಕಾಣ್ತಾರೆ. ಪರೀಕ್ಷೆ ಇಡು, ನೋಡೇಬಿಡೋಣ!"

ಶಸ್ತ್ರಕ್ರಿಯೆಗೆ ಮೊದಲು ಹನ್ನೆರಡೂ ಕುರಿಗಳ ಮುಖದ ಫೋಟೊ ತೆಗೆದು, ಹಿಂದೆ ನಂಬರು ಬರೆದಿಟ್ಟಿದ್ದರು. ಪ್ರೂ ನಂಬರುಗಳ ಮೇಲೆ ಕಾಗದ ಅಂಟಿಸಿದಳು. ಬಿಲ್ಲೆ ಕಾಣದಂತೆ ಕುರಿಗಳ ಕಿವಿಗೆ, ಪ್ರಯೋಗಾಲಯದವರು ಬರಿಗಾಲಾಗಿ ದಾನ ಮಾಡಿದ ಕಾಲುಚೀಲಗಳು ಏರಿದವು. ಡಲ್ಸಿ ಇಸ್ಪೀಟು ಹಂಚುವವಳಂತೆ ಒಂದೊಂದು ಕುರಿಯ ಮುಂದೆ ಒಂದೊಂದು ಫೋಟೊ ಹಾಕುತ್ತಾ ನಡೆದಳು. "ಇದು ಮೂಗು ಸೊಟ್ಟ. ಇದು ಸಿಡುಕಿ. ಇದು ನನ್ನ ಅತ್ತೆ!"

ಕಾಲುಚೀಲ ಕಳಚಿದರು, ಕಾಗದ ಕಿತ್ತರು. ಒಂದು, ಸರಿ. ಎರಡು, ಸರಿ. ಏಳರ ಕಾಗದವನ್ನು ಪ್ರೂ ಒಂದೇ ಎಳೆತಕ್ಕೆ ಕಿತ್ತಳು. ಸರಿ! ಎಂಟೂ ಸರಿ! ಹನ್ನೆರಡಕ್ಕೆ ಹನ್ನೆರಡು!

"ಹಾಗಾದ್ರೆ ಬ್ರೇಕ್ ಹಾಕ್ತಿದ್ದಿದ್ದು ಮಿದುಳೇ!" ಪ್ರೂ ಕುಣಿದೇಬಿಟ್ಟಳು. "ಬ್ರೇಕ್ ತೆಗೆದ ಮೈ ರೋಗಾಣುನ ಬೇಗ ಓಡಿಸಿದೆ! ಡಲ್ಸಿ, ಎಂಟಕ್ಕೆ ಈಗ್ಲೇ ಮದ್ದು ಕೊಡೋಣ. ಏಳರ ರಕ್ತ ತೆಗೀಬೇಕು, ಮತ್ತೆ ಹತ್ತು ಸಲ ಮಾಡಿ ನೋಡ್ಬೇಕು…"

"ಒಂದ್ನಿಮಿಷ ನಿಲ್ಲಮ್ಮ." ಡಲ್ಸಿ ಜೇಬಿನಿಂದ ಬಳಸದ ಕೆಂಪು ಸೀಮೆಸುಣ್ಣ ತೆಗೆದು, ಡಾಕ್ಟರ ಬಿಳಿ ಕೋಟಿನ ಬೆನ್ನಿಗೆ ಉದ್ದಕ್ಕೆ ಒಂದು ಗೀಟೆಳೆದಳು.

"ಇದ್ಯಾಕೆ?"

"ಕೆಲಸ ಕೆಟ್ಟದಾಗಿ ಮಾಡಿದೋರಿಗೆ. ಕುರಿಗಳೆಲ್ಲಾ ಒಂದೇ ಥರ ಅಂದ್ಯಲ್ಲ! ಈಗ ನಡಿ."

ಪ್ರೂ ಆ ಗೀಟಿನ ಸಮೇತ ಸೂಜಿ ಹಿಡಿದು ಓಡಿದಳು. ಏಳು ಅಷ್ಟರಲ್ಲಿ ಅವಳದೇ ಕಾಲುಚೀಲ ಜಗಿಯುತ್ತಿತ್ತು.